ಒಬ್ಬಳಿಗೆ ಕೊಟ್ಟ ಲಸಿಕೆ ಇನ್ನೊಬ್ಬಳನ್ನೂ ಕಾಯುತ್ತದೆ

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ: ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಗಳು ಮತ್ತು ಉತ್ತರಗಳು

ಹತ್ತು-ಹನ್ನೆರಡು ವರ್ಷದ ಹೆಣ್ಣುಮಗಳಿರುವ ಮನೆಗಳಲ್ಲಿ ಇತ್ತೀಚೆಗೆ ಒಂದು ಪ್ರಶ್ನೆ ಸುತ್ತಾಡುತ್ತಿದೆ. ಶಾಲೆಯ ಪೋಷಕರ ವಾಟ್ಸ್‌ಆಪ್ ಗ್ರೂಪಿನಲ್ಲಿ, ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ, ದುಬೈಯಲ್ಲಿರುವ ನಾದಿನಿಯ ಫೋನಿನಲ್ಲಿ ಅದೇ ಮಾತು: "ಎಚ್‌ಪಿವಿ ಲಸಿಕೆ ಹಾಕಿಸಿದ್ರಾ?" ಅದಕ್ಕೆ ಸಾಮಾನ್ಯವಾಗಿ ಬರುವ ಉತ್ತರ ಎರಡು. ಒಂದು, "ಅದೆಂತ ಲಸಿಕೆ? ಗೊತ್ತೇ ಇಲ್ಲ." ಎರಡನೆಯದು, ಸ್ವಲ್ಪ ಧ್ವನಿ ತಗ್ಗಿಸಿ, "ಅದು ನಮ್ಮ ಮಕ್ಕಳಿಗೆ ಬೇಡ ಮಾರಾಯ್ತಿ. ನಮ್ಮಲ್ಲಿ ಹಾಗೆಲ್ಲ ಇಲ್ಲ."

ಮೊದಲನೆಯ ಉತ್ತರಕ್ಕೆ ಮಾಹಿತಿ ಕೊಟ್ಟರೆ ಸಾಕು. ಎರಡನೆಯದನ್ನು ಕೂತು ಮಾತಾಡಬೇಕು. ಏಕೆಂದರೆ ಈ ಲಸಿಕೆ ನಡತೆಗೆ ಸಂಬಂಧಪಟ್ಟದ್ದು ಎಂಬ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ಮಾತು ಅಲ್ಲಿಗೇ ನಿಂತುಬಿಡುತ್ತದೆ.

ರೋಗ ಯಾವುದು, ವೈರಸ್ ಯಾವುದು?

ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರನ್ನು ಗರ್ಭಕಂಠದ ಕ್ಯಾನ್ಸರ್ ಎನ್ನುತ್ತಾರೆ. ಭಾರತದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಅತಿ ಹೆಚ್ಚು ಕಾಣುವುದು ಇದೇ. 2022ರ ಜಾಗತಿಕ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಈ ರೋಗ ಬಂದಿದೆ, ಸುಮಾರು 80 ಸಾವಿರ ಮಂದಿ ತೀರಿಕೊಂಡಿದ್ದಾರೆ. ಹೆಚ್ಚಿನವರು ಮನೆ ನಡೆಸುವ ವಯಸ್ಸಿನವರು. ಒಬ್ಬ ಉಮ್ಮ ಹೋದರೆ ಆ ಮನೆಯ ಸ್ಥಿತಿ ಏನಾಗುತ್ತದೆ ಎಂದು ಬರೆದು ಹೇಳಬೇಕಾಗಿಲ್ಲ.

ಈ ಕ್ಯಾನ್ಸರಿಗೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಈ ನಂಟನ್ನು ಕಂಡುಹಿಡಿದ ಜರ್ಮನಿಯ ವಿಜ್ಞಾನಿ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ವಿಧಗಳುಂಟು. ಹೆಚ್ಚಿನವು ಏನೂ ಮಾಡುವುದಿಲ್ಲ, ಕೆಲವು ನರಹುಲಿ ತರುತ್ತವೆ, ಸುಮಾರು 14 ವಿಧಗಳು ಅಪಾಯಕಾರಿ. ಅವುಗಳಲ್ಲೂ 16 ಮತ್ತು 18 ಎಂಬ ಎರಡು ವಿಧಗಳೇ ಜಗತ್ತಿನ ಗರ್ಭಕಂಠ ಕ್ಯಾನ್ಸರುಗಳಲ್ಲಿ ಸುಮಾರು ಶೇ. 70ಕ್ಕೆ ಕಾರಣ.

ವೈರಸ್ ಹರಡುವುದು ದೇಹಸಂಪರ್ಕದಿಂದ, ಮುಖ್ಯವಾಗಿ ಗಂಡ-ಹೆಂಡತಿಯ ನಡುವಿನಂತಹ ಸಂಪರ್ಕದಿಂದ. ಮದುವೆಯಾದ ಹೆಂಗಸರು-ಗಂಡಸರಲ್ಲಿ ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ತಗಲಿ ಹೋಗಿರುತ್ತದೆ, ಗೊತ್ತೇ ಆಗಿರುವುದಿಲ್ಲ. ಜ್ವರವಿಲ್ಲ, ನೋವಿಲ್ಲ. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಒಂದೆರಡು ವರ್ಷದೊಳಗೆ ದೇಹವೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಹೋಗದೆ ಉಳಿದು, 15-20 ವರ್ಷ ಒಳಗೊಳಗೇ ಕೆಲಸ ಮಾಡಿ ಕ್ಯಾನ್ಸರ್ ಆಗುತ್ತದೆ. ಇಪ್ಪತ್ತೈದನೇ ವಯಸ್ಸಿನಲ್ಲಿ ಬಂದದ್ದು ನಲವತ್ತೈದರಲ್ಲಿ ಎದ್ದು ನಿಲ್ಲುತ್ತದೆ.

ಈಗ "ನಮ್ಮ ಮಕ್ಕಳಿಗೆ ಬೇಡ" ಎಂಬ ಮಾತಿಗೆ ಬರೋಣ. ಒಬ್ಬ ಹೆಣ್ಣುಮಗಳು ಜೀವನವಿಡೀ ಒಬ್ಬನೇ ಗಂಡನೊಂದಿಗೆ ಬಾಳಿದರೂ ಆಕೆಗೆ ಈ ವೈರಸ್ ತಗಲಬಹುದು. ಗಂಡನಿಗೆ ಮೊದಲ ನಿಖಾಹ್‌ನಿಂದ ಬಂದಿರಬಹುದು, ಮದುವೆಗೆ ಮುಂಚೆ ಬಂದಿರಬಹುದು. ಅವನಿಗೂ ಅದು ಗೊತ್ತಿರುವುದಿಲ್ಲ. ಗಂಡಸರಿಗೆ ಈ ವೈರಸ್ ಇದೆಯೇ ಎಂದು ನೋಡುವ ಸಾಮಾನ್ಯ ಪರೀಕ್ಷೆಯೂ ಇಲ್ಲ. ನಿಖಾಹ್‌ಗೆ ಮುಂಚೆ ಹುಡುಗನ ಮನೆ, ಕೆಲಸ, ದೀನ್ ಎಲ್ಲ ವಿಚಾರಿಸಬಹುದು, ಇದನ್ನು ವಿಚಾರಿಸಿ ತಿಳಿಯುವ ದಾರಿ ಇಲ್ಲ. ಅಂದರೆ ಹುಡುಗಿಯ ಒಳ್ಳೆಯತನ ಅವಳನ್ನು ಈ ರೋಗದಿಂದ ಕಾಯುವುದಿಲ್ಲ. ಕಾಯುವುದು ಲಸಿಕೆ.

ತೋಟದ ಮದ್ದಿನ ಲೆಕ್ಕ

ಕೊರೋನಾ ಕಾಲದಲ್ಲಿ "ಹರ್ಡ್ ಇಮ್ಯೂನಿಟಿ" ಎಂಬ ಪದವನ್ನು ಟಿವಿಯಲ್ಲಿ ದಿನಾ ಕೇಳಿದ್ದೇವೆ. ಕನ್ನಡದಲ್ಲಿ ಸಮೂಹ ರಕ್ಷಣೆ ಎನ್ನಬಹುದು. ನಮ್ಮ ಕಡೆಯವರಿಗೆ ಇದನ್ನು ಅಡಿಕೆ ತೋಟದ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ.

ಮಳೆಗಾಲದ ಕೊಳೆರೋಗಕ್ಕೆ ಬೋರ್ಡೊ ಮದ್ದು ಬಿಡುತ್ತೇವೆ. ಅಕ್ಕಪಕ್ಕದ ತೋಟದವರೆಲ್ಲ ಮದ್ದು ಬಿಟ್ಟರೆ ರೋಗ ಹರಡಲು ಜಾಗವೇ ಸಿಗುವುದಿಲ್ಲ, ನಡುವೆ ಮದ್ದು ಸಿಗದೆ ಉಳಿದ ನಾಲ್ಕು ಮರಗಳೂ ಬಚಾವಾಗುತ್ತವೆ. ಊರಲ್ಲಿ ಒಬ್ಬನೇ ಬಿಟ್ಟರೆ ಅವನ ಮರಗಳು ಮಾತ್ರ ಉಳಿಯುತ್ತವೆ, ಉಳಿದವರ ತೋಟದ ಸುದ್ದಿ ಬೇಡ. ಇನ್ನೊಂದು ವಿಷಯ, ಮದ್ದು ಬಿಡಬೇಕಾದದ್ದು ಮಳೆ ಹಿಡಿಯುವ ಮುಂಚೆ. ಕಾಯಿ ಉದುರಲು ಶುರುವಾದ ಮೇಲೆ ಓಡಾಡಿದರೆ ಹೋದ ಕಾಯಿ ಬರುವುದಿಲ್ಲ.

ಎಚ್‌ಪಿವಿ ಲಸಿಕೆಯದ್ದೂ ಹೀಗೆಯೇ. ಈ ವೈರಸ್ ಬದುಕುವುದು ಮನುಷ್ಯರಲ್ಲಿ ಮಾತ್ರ. ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ದಾಟುತ್ತಾ ಹೋಗಬೇಕು. ಲಸಿಕೆ ಪಡೆದವಳಲ್ಲಿ ಲಸಿಕೆಯಲ್ಲಿರುವ ವಿಧಗಳ ವೈರಸ್ ನೆಲೆ ನಿಲ್ಲುವುದಿಲ್ಲ. ಅವಳ ಹತ್ತಿರ ಬಂದ ಸರಪಳಿ ಅಲ್ಲಿಗೇ ಕಡಿಯುತ್ತದೆ. ಅವಳಿಂದ ಯಾರಿಗೂ ಅದು ಹೋಗುವುದಿಲ್ಲ. ಹೀಗೆ ಸಾಕಷ್ಟು ಜಾಗಗಳಲ್ಲಿ ಸರಪಳಿ ಕಡಿದರೆ, ಲಸಿಕೆ ಸಿಗದವಳಿಗೂ ವೈರಸ್ ಎದುರಾಗುವುದು ಕಡಿಮೆಯಾಗುತ್ತದೆ.

ಆಸ್ಟ್ರೇಲಿಯಾದಲ್ಲಿ ಕಂಡದ್ದು

ಇದು ಬರೀ ಲೆಕ್ಕಾಚಾರದ ಮಾತಲ್ಲ, ಒಂದು ದೇಶದಲ್ಲಿ ಕಣ್ಣಾರೆ ಕಂಡ ಸಂಗತಿ. 2007ರಲ್ಲಿ ಆಸ್ಟ್ರೇಲಿಯಾ ಸರಕಾರ 12-13 ವರ್ಷದ ಶಾಲಾ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಉಚಿತವಾಗಿ ಕೊಡಲು ಶುರು ಮಾಡಿತು. ಮೊದಲ ಎರಡು ಮೂರು ವರ್ಷ 26ರವರೆಗಿನ ಯುವತಿಯರಿಗೂ ಕೊಟ್ಟಿತು. ಹುಡುಗರಿಗೆ ಆಗ ಕೊಡಲಿಲ್ಲ, ಅವರನ್ನು ಸೇರಿಸಿದ್ದು 2013ರಲ್ಲಿ.

ಕ್ಯಾನ್ಸರ್ ಕಾಣಿಸಿಕೊಳ್ಳಲು ಹತ್ತಿಪ್ಪತ್ತು ವರ್ಷ ಬೇಕಲ್ಲ, ಹಾಗಿದ್ದರೆ ಲಸಿಕೆ ಕೆಲಸ ಮಾಡಿತೋ ಇಲ್ಲವೋ ಎಂದು ಬೇಗ ತಿಳಿಯುವುದು ಹೇಗೆ? ಅದಕ್ಕೊಂದು ದಾರಿ ಇತ್ತು. ಆ ಲಸಿಕೆ 16, 18ರ ಜೊತೆಗೆ 6 ಮತ್ತು 11 ಎಂಬ ವಿಧಗಳನ್ನೂ ತಡೆಯುತ್ತದೆ. ಈ ಎರಡು ವಿಧಗಳು ಗುಪ್ತಾಂಗದಲ್ಲಿ ನರಹುಲಿ ತರುತ್ತವೆ, ಅದೂ ಕೆಲವೇ ತಿಂಗಳಲ್ಲಿ. ನರಹುಲಿ ಕಡಿಮೆಯಾದರೆ ವೈರಸ್ ಹರಡುವುದು ಕಡಿಮೆಯಾಗಿದೆ ಎಂದರ್ಥ.

ಅಲ್ಲಿನ ಎಂಟು ಕ್ಲಿನಿಕ್ಕುಗಳಿಗೆ 2004ರಿಂದ 2011ರವರೆಗೆ ಬಂದ 85 ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳ ದಾಖಲೆ ನೋಡಲಾಯಿತು. 21 ವರ್ಷದೊಳಗಿನ ಯುವತಿಯರಲ್ಲಿ 2007ರಲ್ಲಿ ಶೇ. 11.5 ಮಂದಿಗೆ ನರಹುಲಿ ಇತ್ತು. 2011ಕ್ಕೆ ಅದು ಶೇ. 0.85ಕ್ಕೆ ಇಳಿಯಿತು. ಲಸಿಕೆ ಕೊಟ್ಟದ್ದೇ ಅವರಿಗೆ, ಹಾಗಾಗಿ ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯ ಇರುವುದು ಗಂಡಸರ ಲೆಕ್ಕದಲ್ಲಿ. ಅದೇ ವಯಸ್ಸಿನ, ಹೆಂಗಸರೊಂದಿಗೆ ಮಾತ್ರ ಸಂಬಂಧವಿದ್ದ ಯುವಕರಲ್ಲಿ ನರಹುಲಿ ಶೇ. 12.1ರಿಂದ ಶೇ. 2.2ಕ್ಕೆ ಇಳಿದಿತ್ತು. ಸರಕಾರ ಅವರಿಗೆ ಒಂದು ಹನಿ ಲಸಿಕೆ ಕೊಟ್ಟಿರಲಿಲ್ಲ. ಹುಡುಗಿಯರ ತೋಳಿಗೆ ಹಾಕಿದ ಸೂಜಿ ಹುಡುಗರನ್ನು ಕಾದಿತ್ತು. ಲಸಿಕೆಯ ವಯಸ್ಸು ದಾಟಿದ್ದ 30 ಮೇಲ್ಪಟ್ಟವರಲ್ಲಿ ಮಾತ್ರ ಅಂಥ ಇಳಿಕೆ ಕಾಣಲಿಲ್ಲ.

ಸ್ಕಾಟ್‌ಲ್ಯಾಂಡಿನಲ್ಲಿ 2008ರಿಂದ ಶಾಲಾ ಹುಡುಗಿಯರಿಗೆ ಕೊಡುತ್ತಿದ್ದಾರೆ. 12-13ನೇ ವಯಸ್ಸಿನಲ್ಲಿ ಲಸಿಕೆ ಪಡೆದ ಅಲ್ಲಿನ ಯುವತಿಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಒಂದೂ ದಾಖಲಾಗಿಲ್ಲ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. 2019ರ ಇನ್ನೊಂದು ಅಧ್ಯಯನದಲ್ಲಿ ಕಂಡದ್ದು ಇನ್ನೂ ಗಮನಿಸಬೇಕಾದದ್ದು: ಅದೇ ವಯೋಮಾನದ, ಲಸಿಕೆ ಪಡೆಯದೆ ಉಳಿದ ಯುವತಿಯರಲ್ಲೂ ಕ್ಯಾನ್ಸರಿನ ಮುನ್ಸೂಚನೆಯ ಬದಲಾವಣೆಗಳು ಕಡಿಮೆಯಾಗಿದ್ದವು. ಗೆಳತಿಯರು ಪಡೆದ ಲಸಿಕೆಯ ಫಲ ಇವರಿಗೂ ಸಿಕ್ಕಿತ್ತು.

ಅರ್ಧಕ್ಕಿಂತ ಕಡಿಮೆಯಾದರೆ?

"ಹಾಗಾದರೆ ಬೇರೆಯವರು ಹಾಕಿಸಲಿ, ನಮ್ಮ ಮಗಳು ಹಾಗೆಯೇ ಬಚಾವಾಗುತ್ತಾಳಲ್ಲ" ಎಂದು ಯಾರಿಗಾದರೂ ಅನಿಸಬಹುದು. ಇಲ್ಲೇ ಜಾಗ್ರತೆ ಬೇಕು.

ಒಂಬತ್ತು ಶ್ರೀಮಂತ ದೇಶಗಳ ಅಂಕಿಅಂಶ ಸೇರಿಸಿ 2015ರಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. ಹುಡುಗಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಲಸಿಕೆ ಸಿಕ್ಕಿದ ದೇಶಗಳಲ್ಲಿ ಹುಡುಗರಿಗೂ, ಸ್ವಲ್ಪ ದೊಡ್ಡ ವಯಸ್ಸಿನ ಹೆಂಗಸರಿಗೂ ಸಮೂಹ ರಕ್ಷಣೆ ಸಿಕ್ಕಿತ್ತು. ಅರ್ಧಕ್ಕಿಂತ ಕಡಿಮೆ ಇದ್ದ ದೇಶಗಳಲ್ಲಿ ಅಂತಹ ರಕ್ಷಣೆ ಕಾಣಲೇ ಇಲ್ಲ. ಲಸಿಕೆ ಪಡೆದವಳಿಗೆ ಮಾತ್ರ ಲಾಭ, ಉಳಿದವರಿಗೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2030ರೊಳಗೆ 15 ವರ್ಷದೊಳಗಿನ ಹುಡುಗಿಯರಲ್ಲಿ ಶೇ. 90 ಮಂದಿಗೆ ಲಸಿಕೆ ಆಗಬೇಕು ಎಂಬ ಗುರಿ ಇಟ್ಟಿದೆ.

ನಮ್ಮ ದೇಶದಲ್ಲಿ ಇದು ಆಗದ ಕೆಲಸವೇ? ಸಿಕ್ಕಿಂ ರಾಜ್ಯ 2018ರಲ್ಲಿ ಶಾಲೆಗಳ ಮೂಲಕ ಸುಮಾರು 25 ಸಾವಿರ ಹುಡುಗಿಯರಿಗೆ ಲಸಿಕೆ ಕೊಡಲು ಹೊರಟು, ಮೊದಲ ಸುತ್ತಿನಲ್ಲೇ ಶೇ. 97ರಷ್ಟು ಸಾಧಿಸಿತು. ಅದಕ್ಕೆ ಮುಂಚೆ ಅಧಿಕಾರಿಗಳು ಶಿಕ್ಷಕರನ್ನು, ಪೋಷಕರನ್ನು, ಪತ್ರಕರ್ತರನ್ನು ಕೂರಿಸಿ ಮಾತಾಡಿದ್ದರು.

ನೆನಪಿಡಬೇಕಾದದ್ದು ಇನ್ನೊಂದುಂಟು. ಸಮೂಹ ರಕ್ಷಣೆ ಎನ್ನುವುದು ಜಾಗಕ್ಕೆ ಸೇರಿದ್ದು. ನಮ್ಮ ಹೆಣ್ಣುಮಕ್ಕಳು ನಿಖಾಹ್ ಆಗಿ ಉಳ್ಳಾಲದಿಂದ ಭಟ್ಕಳಕ್ಕೆ, ಪುತ್ತೂರಿನಿಂದ ಮುಂಬೈಗೆ, ಸುರತ್ಕಲ್‌ನಿಂದ ದಮ್ಮಾಮ್‌ಗೆ ಹೋಗುತ್ತಾರೆ. ತವರೂರಿನ ರಕ್ಷಣೆ ಮದುಮಗಳ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಅವಳ ತೋಳಿಗೆ ಹಾಕಿದ ಲಸಿಕೆ ಮಾತ್ರ ಅವಳ ಜೊತೆ ಹೋಗುತ್ತದೆ. ಆದ್ದರಿಂದ ಊರಿನವರನ್ನು ನಂಬಿ ಮಗಳಿಗೆ ಬಿಡುವುದು ಸರಿಯಲ್ಲ. ಊರಿನ ರಕ್ಷಣೆ ಬೇಕಾಗಿರುವುದು ಯಾವ ಕಾರಣಕ್ಕೋ ಲಸಿಕೆ ಸಿಗದೆ ಹೋದ ಹುಡುಗಿಗೆ: ದುಡ್ಡಿಲ್ಲದ ಮನೆಯವಳಿಗೆ, ಕಾಯಿಲೆಯಿಂದ ದೇಹದ ಶಕ್ತಿ ಕುಗ್ಗಿದವಳಿಗೆ, ಉಮ್ಮ-ಉಪ್ಪ ಇಲ್ಲದವಳಿಗೆ. ನಾವು ನಮ್ಮ ಮಗಳಿಗೆ ಹಾಕಿಸಿದರೆ ಅವರ ಪಾಲಿಗೂ ಒಂದಿಷ್ಟು ಸೇರುತ್ತದೆ.

ಅನುಮಾನ ಬಂದದ್ದು ಎಲ್ಲಿಂದ?

ಈ ಲಸಿಕೆಯ ಬಗ್ಗೆ ನಮ್ಮ ದೇಶದಲ್ಲಿ ಅನುಮಾನ ಹುಟ್ಟಿದ್ದಕ್ಕೆ ಒಂದು ಕಾರಣ ಉಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ.

2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಸುಮಾರು 24 ಸಾವಿರ ಹುಡುಗಿಯರಿಗೆ ಪ್ರಾಯೋಗಿಕ ಯೋಜನೆಯಡಿ ಈ ಲಸಿಕೆ ಕೊಟ್ಟರು. ಆ ಹುಡುಗಿಯರಲ್ಲಿ ಏಳು ಮಂದಿ ತೀರಿಕೊಂಡ ಸುದ್ದಿ ಬಂದು ದೊಡ್ಡ ಗಲಾಟೆಯಾಗಿ, 2010ರಲ್ಲಿ ಯೋಜನೆ ನಿಂತಿತು. ತನಿಖೆಯಲ್ಲಿ ಕಂಡ ಕಾರಣಗಳು ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು, ವಿಷಸೇವನೆ, ಮಲೇರಿಯಾ ಇಂಥವು. ಸಾವಿಗೂ ಲಸಿಕೆಗೂ ನಂಟು ಕಾಣಲಿಲ್ಲ. ಆದರೆ ಬೇರೊಂದು ತಪ್ಪು ಬಯಲಾಯಿತು. ಹಾಸ್ಟೆಲ್‌ನಲ್ಲಿದ್ದ ಬಡ, ಆದಿವಾಸಿ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಉಮ್ಮ-ಉಪ್ಪಂದಿರ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. ಹೆತ್ತವರಿಗೆ ವಿಷಯವನ್ನೇ ಹೇಳಿರಲಿಲ್ಲ. 2013ರಲ್ಲಿ ಸಂಸದೀಯ ಸಮಿತಿ ಇದನ್ನು ಕಟುವಾಗಿ ಟೀಕಿಸಿತು.

ಇದರಿಂದ ನಾವು ಕಲಿಯಬೇಕಾದದ್ದು, ಕೇಳದೆ ಕೊಡುವುದಕ್ಕೆ ಬಿಡಬಾರದು ಎಂದು. ಯಾವ ಲಸಿಕೆ, ಯಾವ ಕಂಪೆನಿಯದ್ದು, ಎಷ್ಟು ಡೋಸ್ ಎಂದು ಕೇಳುವುದು ನಮ್ಮ ಹಕ್ಕು. ಕೇಳಿ, ತಿಳಿದು, ಸಹಿ ಹಾಕಿ.

ಅದೇ ಹೊತ್ತಿನಲ್ಲಿ ನಮ್ಮ ದೇಶದಲ್ಲಿ ಎರಡು ಡೋಸ್ ಸಾಕೋ ಮೂರು ಬೇಕೋ ಎಂದು ನೋಡುವ ಇನ್ನೊಂದು ದೊಡ್ಡ ಅಧ್ಯಯನವೂ ನಡೆಯುತ್ತಿತ್ತು. 2010ರ ಗಲಾಟೆಯಲ್ಲಿ ಅದರ ಲಸಿಕೆ ಹಾಕುವ ಕೆಲಸವೂ ನಿಂತಿತು. ಸುಮಾರು 5 ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿ ಉಳಿಯಿತು. ಸಂಶೋಧಕರು ಅವರನ್ನು ಬಿಡದೆ ಹತ್ತು ವರ್ಷ ಗಮನಿಸುತ್ತಾ ಬಂದರು. 2021ರಲ್ಲಿ ಫಲಿತಾಂಶ ಹೊರಬಂತು: ಒಂದೇ ಡೋಸ್ ಪಡೆದವರಲ್ಲೂ 16 ಮತ್ತು 18ರ ಸೋಂಕು ದೇಹದಲ್ಲಿ ಉಳಿಯದಂತೆ ಶೇ. 95ರಷ್ಟು ರಕ್ಷಣೆ ಇತ್ತು, ಹೆಚ್ಚು ಡೋಸ್ ಪಡೆದವರಷ್ಟೇ. ಇದನ್ನೂ ಕೀನ್ಯಾ ಮೊದಲಾದ ಕಡೆಯ ಅಧ್ಯಯನಗಳನ್ನೂ ನೋಡಿ ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ 9ರಿಂದ 20 ವರ್ಷದವರಿಗೆ ಒಂದು ಡೋಸ್ ಕೂಡ ನಡೆಯುತ್ತದೆ ಎಂದಿತು. ಬಡ ದೇಶಗಳಿಗೆ ಇದು ಸಣ್ಣ ವಿಷಯವಲ್ಲ. ಇದ್ದ ಲಸಿಕೆಯಲ್ಲೇ ಎರಡು ಪಟ್ಟು ಹುಡುಗಿಯರಿಗೆ ಕೊಡಬಹುದು. ಆ ಅರಿವು ಬಂದದ್ದು ನಮ್ಮ ದೇಶದ ಹುಡುಗಿಯರಿಂದ.

ವದಂತಿಯ ಬೆಲೆ ಎಷ್ಟು ಎಂಬುದಕ್ಕೆ ಜಪಾನ್ ಉದಾಹರಣೆ ಉಂಟು. ಅಡ್ಡ ಪರಿಣಾಮದ ಸುದ್ದಿಗಳಿಗೆ ಹೆದರಿ ಅಲ್ಲಿನ ಸರಕಾರ 2013ರ ಜೂನ್‌ನಲ್ಲಿ ಈ ಲಸಿಕೆ ಹಾಕಿಸಿ ಎಂದು ಹೇಳುವುದನ್ನೇ ನಿಲ್ಲಿಸಿತು. ಶೇ. 70ರ ಆಸುಪಾಸಿನಲ್ಲಿದ್ದ ಲಸಿಕೆ ಪ್ರಮಾಣ ಶೇ. 1ಕ್ಕಿಂತ ಕೆಳಗೆ ಬಿತ್ತು. ಮತ್ತೆ ಶುರು ಮಾಡಲು 2022ರವರೆಗೆ ಕಾಯಬೇಕಾಯಿತು. ಮೊದಲ ಆರು ವರ್ಷಗಳ ಈ ನಿಲುಗಡೆಯಿಂದಲೇ ಮುಂದೆ ಸುಮಾರು 5 ಸಾವಿರ ಹೆಚ್ಚುವರಿ ಸಾವು ಆಗಬಹುದು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ.

ಮುಸ್ಲಿಂ ದೇಶಗಳು ಏನು ಮಾಡಿವೆ?

"ಇದು ಪಾಶ್ಚಾತ್ಯರ ಲಸಿಕೆ, ಮುಸ್ಲಿಂ ದೇಶಗಳಲ್ಲಿ ಇದೆಲ್ಲ ಇಲ್ಲ" ಎಂಬ ಮಾತೂ ಕೇಳಿಬರುತ್ತದೆ. ವಾಸ್ತವ ಬೇರೆ. ನಮ್ಮವರು ಸಾವಿರಾರು ಮಂದಿ ದುಡಿಯುವ ಯುಎಇಯ ಅಬುಧಾಬಿಯಲ್ಲಿ 2008ರಲ್ಲೇ ಶಾಲಾ ಹುಡುಗಿಯರಿಗೆ ಕೊಡಲು ಶುರು ಮಾಡಿದ್ದರು. ಮಲೇಷ್ಯಾದಲ್ಲಿ 2010ರಿಂದ 13 ವರ್ಷದ ಹುಡುಗಿಯರಿಗೆ ಶಾಲೆಯಲ್ಲೇ ಕೊಡುತ್ತಿದ್ದಾರೆ. ಇಂಡೋನೇಷ್ಯಾ 2023ರಲ್ಲಿ ದೇಶವ್ಯಾಪಿ ಮಾಡಿತು. ಬಾಂಗ್ಲಾದೇಶ 2023ರ ಅಕ್ಟೋಬರ್‌ನಲ್ಲಿ ಢಾಕಾ ವಿಭಾಗದಿಂದ ಶುರು ಮಾಡಿ, ಮರುವರ್ಷ ಉಳಿದ ವಿಭಾಗಗಳಿಗೆ ವಿಸ್ತರಿಸಿತು. ಅಲ್ಲಿ ಕೊಡುವುದು ಒಂದೇ ಡೋಸ್. ಶಾಲೆ ಬಿಟ್ಟ ಹುಡುಗಿಯರನ್ನೂ ಹುಡುಕಿ ಸೇರಿಸಿಕೊಂಡರು.

ಮನೆಯಲ್ಲಿ ಕೇಳುವ ಪ್ರಶ್ನೆಗಳು

ಇಷ್ಟು ಸಣ್ಣ ಮಕ್ಕಳಿಗೆ ಯಾಕೆ? ಮದುವೆ ಹೊತ್ತಿಗೆ ಹಾಕಿಸಿದರೆ ಆಗದಾ?
ತೋಟದ ಮದ್ದನ್ನು ನೆನಪಿಸಿಕೊಳ್ಳಿ. ಲಸಿಕೆ ತಡೆಯುತ್ತದೆ, ಬಂದದ್ದನ್ನು ಗುಣ ಮಾಡುವುದಿಲ್ಲ. ಅಲ್ಲದೆ 9-14ರ ವಯಸ್ಸಿನಲ್ಲಿ ದೇಹ ಈ ಲಸಿಕೆಗೆ ಅತಿ ಚೆನ್ನಾಗಿ ಸ್ಪಂದಿಸುತ್ತದೆ, ಡೋಸ್ ಕೂಡ ಕಡಿಮೆ ಸಾಕು.

ಎಷ್ಟು ಡೋಸ್?
ನಮ್ಮಲ್ಲಿ ವೈದ್ಯರು ಸಾಮಾನ್ಯವಾಗಿ 9-14ರವರಿಗೆ ಆರು ತಿಂಗಳ ಅಂತರದಲ್ಲಿ ಎರಡು, 15 ದಾಟಿದವರಿಗೆ ಮೂರು ಡೋಸ್ ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಒಂದು ಡೋಸಿನ ಸಲಹೆಯನ್ನು ಮೇಲೆ ಹೇಳಿದ್ದೇವೆ. ನಿಮ್ಮ ಮಗಳಿಗೆ ಎಷ್ಟು ಎಂದು ಡಾಕ್ಟರಲ್ಲಿ ಕೇಳಿ. ಎಚ್‌ಐವಿಯಂಥ ಕಾಯಿಲೆಯಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಲೆಕ್ಕ ಬೇರೆ.

ಮುಂದೆ ಮಕ್ಕಳಾಗುವುದಿಲ್ಲವಂತೆ, ಹೌದಾ?
ಇಲ್ಲ. ಪೋಲಿಯೋ ಹನಿಗೂ ಇದೇ ಮಾತು ಹೇಳಿದ್ದರು. 2017ರ ಹೊತ್ತಿಗೆ ಜಗತ್ತಿನಲ್ಲಿ 27 ಕೋಟಿಗೂ ಹೆಚ್ಚು ಡೋಸ್ ಈ ಲಸಿಕೆ ಹಂಚಿಕೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಲಸಿಕೆ ಸುರಕ್ಷತಾ ಸಮಿತಿ ಪರಿಶೀಲಿಸಿ, ಬಂಜೆತನಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ ಎಂದಿದೆ. ನಿಜ ಹೇಳಬೇಕೆಂದರೆ ಗರ್ಭಕೋಶವನ್ನೇ ತೆಗೆಯಬೇಕಾದ ಸ್ಥಿತಿ ತರುವುದು ಕ್ಯಾನ್ಸರ್.

ಇದರಲ್ಲಿ ಹಂದಿಯದ್ದೇನಾದರೂ ಉಂಟಾ?
ಲಸಿಕೆಯ ಮುಖ್ಯ ವಸ್ತು ಯೀಸ್ಟ್‌ನಲ್ಲಿ, ಅಂದರೆ ಬ್ರೆಡ್ ಉಬ್ಬಿಸುವ ಹುಳಿಯ ಜಾತಿಯ ಸೂಕ್ಷ್ಮಜೀವಿಯಲ್ಲಿ ತಯಾರಿಸಿದ ಪ್ರೊಟೀನ್. ಗಾರ್ಡಸಿಲ್‌ನ ಘಟಕಗಳ ಪಟ್ಟಿಯಲ್ಲಿ ಜಿಲೆಟಿನ್ ಇಲ್ಲ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಸೆರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು, ಅದನ್ನೂ ಯೀಸ್ಟ್‌ನಲ್ಲೇ ಮಾಡುತ್ತಾರೆ. ಇದರಲ್ಲಿ ಜೀವಂತ ವೈರಸ್ ಇಲ್ಲ, ಹಾಗಾಗಿ ಲಸಿಕೆಯಿಂದಲೇ ರೋಗ ಬರುವ ಭಯವಿಲ್ಲ.

ಏನಾದರೂ ತೊಂದರೆ ಆಗುತ್ತದಾ?
ಸೂಜಿ ಹಾಕಿದ ಜಾಗದಲ್ಲಿ ನೋವು, ಊತ, ಕೆಲವರಿಗೆ ಸಣ್ಣ ಜ್ವರ, ತಲೆನೋವು. ಈ ಪ್ರಾಯದ ಹುಡುಗಿಯರಿಗೆ ಸೂಜಿ ನೋಡಿಯೇ ತಲೆ ಸುತ್ತುವುದುಂಟು. ಹಾಗಾಗಿ ಏನಾದರೂ ತಿಂದು ಹೋಗಲಿ, ಹಾಕಿದ ಮೇಲೆ ಕಾಲು ಗಂಟೆ ಕೂರಿಸಿ. ಹಿಂದಿನ ಯಾವುದಾದರೂ ಲಸಿಕೆಗೆ ಅಥವಾ ಯೀಸ್ಟ್‌ಗೆ ಜೋರು ಅಲರ್ಜಿ ಆಗಿದ್ದರೆ ಮೊದಲೇ ಹೇಳಿ. ಗರ್ಭಿಣಿಯರಿಗೆ ಕೊಡುವುದಿಲ್ಲ.

ಹುಡುಗರಿಗೂ ಬೇಕಾ?
ಕೊಟ್ಟರೆ ಒಳ್ಳೆಯದೇ. ಆಸ್ಟ್ರೇಲಿಯಾ, ಬ್ರಿಟನ್‌ನಂತಹ ದೇಶಗಳು ಕೊಡುತ್ತವೆ. ಆದರೆ ಲಸಿಕೆಯೂ ದುಡ್ಡೂ ಕಡಿಮೆ ಇರುವ ಕಡೆ ಮೊದಲು ಹುಡುಗಿಯರನ್ನು ಮುಗಿಸಬೇಕು. ಅವರಲ್ಲಿ ಹೆಚ್ಚಿನವರಿಗೆ ಆದರೆ ಹುಡುಗರಿಗೂ ರಕ್ಷಣೆ ಸಿಗುತ್ತದೆ ಎಂದು ಆಸ್ಟ್ರೇಲಿಯಾದಲ್ಲಿ ಕಂಡೆವು.

ಖರ್ಚು?
ಖಾಸಗಿಯಲ್ಲಿ ಬ್ರ್ಯಾಂಡ್ ನೋಡಿ ಬೆಲೆಯಲ್ಲಿ ತುಂಬಾ ವ್ಯತ್ಯಾಸ ಉಂಟು, ಮೊದಲೇ ಕೇಳಿಕೊಳ್ಳಿ. ಸರಕಾರದಿಂದ ಉಚಿತವಾಗಿ ಯಾವ ವಯಸ್ಸಿನವರಿಗೆ, ಯಾವಾಗ ಕೊಡುತ್ತಾರೆ ಎಂಬುದನ್ನು ನಿಮ್ಮ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಉಮ್ಮಂದಿರಿಗೆ ಬೇರೆ ದಾರಿ

ಮಗಳ ಲಸಿಕೆಯ ಮಾತಿನಲ್ಲಿ ಉಮ್ಮ ತನ್ನನ್ನು ಮರೆಯಬಾರದು. ಸಮೂಹ ರಕ್ಷಣೆ ಇನ್ನೂ ವೈರಸ್ ತಗಲದವರನ್ನು ಕಾಯುತ್ತದೆ. ಇಪ್ಪತ್ತು ವರ್ಷದ ಹಿಂದೆ ತಗಲಿ ಒಳಗೆ ಕೂತದ್ದನ್ನು ಅದು ಮುಟ್ಟುವುದಿಲ್ಲ. ಮೂವತ್ತು ದಾಟಿದ ಹೆಂಗಸರಿಗೆ ಬೇಕಾದದ್ದು ತಪಾಸಣೆ.

ಸರಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಉಂಟು. ವಿನೆಗರ್‌ನಲ್ಲಿರುವಂತಹ ತೆಳು ಆಮ್ಲವನ್ನು ಗರ್ಭಕಂಠಕ್ಕೆ ಹಚ್ಚಿ ಬಣ್ಣ ಬದಲಾಗುತ್ತದೋ ಎಂದು ನೋಡುವ ಪರೀಕ್ಷೆ ಅದು, ಕೆಲವೇ ನಿಮಿಷದ ಕೆಲಸ. ಪ್ಯಾಪ್ ಸ್ಮಿಯರ್ ಮತ್ತು ಎಚ್‌ಪಿವಿ ಪರೀಕ್ಷೆ ಎಂಬ ಬೇರೆ ವಿಧಾನಗಳೂ ಇವೆ. ಕ್ಯಾನ್ಸರ್ ಆಗುವ ಮುಂಚಿನ ಬದಲಾವಣೆ ಸಿಕ್ಕಿದರೆ ಅದನ್ನು ಅಲ್ಲೇ ತೆಗೆಯಬಹುದು. ಆದರೆ ದೇಶದಲ್ಲಿ 30-49 ವಯಸ್ಸಿನವರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಶೇ. 1.9 ಮಾತ್ರ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ನೂರರಲ್ಲಿ ಇಬ್ಬರೂ ಇಲ್ಲ.

ಕಾರಣ ನಮಗೆಲ್ಲ ಗೊತ್ತು. ನಾಚಿಕೆ. "ಡಾಕ್ಟರ್ ಗಂಡಸಾದರೆ ಎಂತ ಮಾಡುದು?" ಎಂಬ ಹಿಂಜರಿಕೆ. ಲೇಡಿ ಡಾಕ್ಟರೇ ಬೇಕು ಎಂದು ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ. ಮಂಗಳೂರಿನಲ್ಲಿ ಹೆಂಗಸರಿಗೆಂದೇ ಸರಕಾರಿ ಲೇಡಿಗೋಶನ್ ಆಸ್ಪತ್ರೆ ಉಂಟು. ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಕಂಡರೆ, ಎರಡು ಮುಟ್ಟಿನ ನಡುವೆ ಅಥವಾ ಸಂಪರ್ಕದ ನಂತರ ರಕ್ತ ಹೋದರೆ, ವಾಸನೆಯ ಬಿಳಿಸೆರಗು ನಿಲ್ಲದಿದ್ದರೆ ತಡಮಾಡದೆ ತೋರಿಸಬೇಕು. ಗಂಡ ಗಲ್ಫ್‌ನಿಂದ ಬರಲಿ, ಮಗಳ ಮದುವೆ ಮುಗಿಯಲಿ, ರಮಝಾನ್ ಕಳೆಯಲಿ ಎಂದು ಮುಂದೂಡುತ್ತಾ ಹೋದರೆ ರೋಗ ಕಾಯುವುದಿಲ್ಲ. ಲಸಿಕೆ ಪಡೆದ ಹುಡುಗಿಯರೂ ಮುಂದೆ ಈ ತಪಾಸಣೆ ಮಾಡಿಸಿಕೊಳ್ಳಬೇಕು, ಏಕೆಂದರೆ ಲಸಿಕೆ ಎಲ್ಲ ವಿಧಗಳನ್ನೂ ತಡೆಯುವುದಿಲ್ಲ.

ಜಮಾಅತ್ ಏನು ಮಾಡಬಹುದು?

ಭಾರತದ ಕೊನೆಯ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರಲ್ಲಿ ನಮ್ಮ ಪ್ರದೇಶ ಪೋಲಿಯೋ ಮುಕ್ತವೆಂದು ಘೋಷಣೆಯಾಯಿತು. ಅದಕ್ಕೆ ಮುಂಚೆ ಉತ್ತರಪ್ರದೇಶದ ಎಷ್ಟೋ ಮುಸ್ಲಿಂ ಮೊಹಲ್ಲಾಗಳಲ್ಲಿ ಬಾಗಿಲು ತೆರೆಯುತ್ತಿರಲಿಲ್ಲ. ಮಸೀದಿಯ ಇಮಾಮರು ಎದ್ದು ನಿಂತು ಹೇಳಿದ ಮೇಲೆ, ಅಲಿಗಢ ಮತ್ತು ಜಾಮಿಯಾ ವಿಶ್ವವಿದ್ಯಾನಿಲಯದವರು ಮನೆಮನೆಗೆ ಹೋದ ಮೇಲೆ ಬಾಗಿಲು ತೆರೆದವು. ಸಮುದಾಯದೊಳಗಿನ ಮಾತಿಗೆ ಅಷ್ಟು ತೂಕ ಉಂಟು.

ಎಚ್‌ಪಿವಿಯಲ್ಲಿ ನಮ್ಮ ಜಮಾಅತ್‌ಗಳಿಗೆ ಇನ್ನೊಂದು ಕೆಲಸವೂ ಉಂಟು. ಲಸಿಕೆ ಹೆಚ್ಚಾಗಿ ಶಾಲೆಯ ಮೂಲಕ ಬರುತ್ತದೆ. ಏಳನೇ ತರಗತಿಗೋ ಹತ್ತಕ್ಕೋ ಶಾಲೆ ಬಿಟ್ಟವಳು, ಮನೆಯಲ್ಲಿ ಕೂತವಳು, ಶರೀಅತ್ ಕಾಲೇಜಿಗೆ ಹೋಗುವವಳು ಆ ಪಟ್ಟಿಯಲ್ಲಿ ಇರುವುದಿಲ್ಲ. ಅವಳ ಹೆಸರು ಮದ್ರಸದ ಹಾಜರಿ ಪುಸ್ತಕದಲ್ಲಿ ಉಂಟು. ಮದ್ರಸದ ಉಸ್ತಾದರೂ ಊರಿನ ಆಶಾ ಕಾರ್ಯಕರ್ತೆಯೂ ಒಮ್ಮೆ ಕೂತು ಮಾತಾಡಿದರೆ ಬಿಟ್ಟುಹೋದವರ ಲೆಕ್ಕ ಸಿಗುತ್ತದೆ. ಜಮಾಅತಿನ ಹಾಲಿನಲ್ಲಿ ಹೆಂಗಸರಿಗೆ ಮಾತ್ರ ಒಂದು ಸಭೆ ಕರೆದು, ಲೇಡಿ ಡಾಕ್ಟರೊಬ್ಬರನ್ನು ಕರೆಸಿ, ನಾಚಿಕೆಯಿಲ್ಲದೆ ಪ್ರಶ್ನೆ ಕೇಳಲು ಬಿಡಬಹುದು. ಬಡ ಮನೆಯ ಹುಡುಗಿಯರಿಗೆ ಲಸಿಕೆಯ ಖರ್ಚನ್ನು ಊರಿನ ಅಥವಾ ಗಲ್ಫ್‌ನ ಸಂಘಟನೆಗಳು ವಹಿಸಿಕೊಳ್ಳಬಹುದು. ಯಾರು ಹಾಕಿಸಿದರು, ಯಾರು ಇಲ್ಲ ಎಂಬ ಹೆಸರು ಮಾತ್ರ ಹೊರಗೆ ಹೋಗಬಾರದು.

ಈ ವರ್ಷ 9 ತುಂಬಿದ ಹುಡುಗಿಯರಲ್ಲಿ ಎಷ್ಟು ಮಂದಿಗೆ ಲಸಿಕೆ ಆಯಿತು ಎಂಬುದರ ಫಲ ನಮಗೆ ನಾಳೆಯೇ ಕಾಣುವುದಿಲ್ಲ. ಅವರು ಉಮ್ಮಂದಿರಾಗಿ, ಅವರ ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಕಾಣುತ್ತದೆ. ಆಗ ಒಂದು ಮೊಹಲ್ಲಾದಲ್ಲಿ ಈ ಕಾಯಿಲೆಯಿಂದ ಯಾರ ಮನೆಯಲ್ಲೂ ಮಯ್ಯಿತ್ ಎತ್ತುವ ದಿನ ಬರದಿದ್ದರೆ, ಅದಕ್ಕೆ ಕಾರಣ ಇವತ್ತು ಹಾಕಿಸಿದ ಲಸಿಕೆ ಎಂದು ಆ ಹೊತ್ತಿಗೆ ಯಾರಿಗೂ ನೆನಪಿರಲಿಕ್ಕಿಲ್ಲ. ಆದರೂ ಹಾಕಿಸಬೇಕು. ಮಗಳ ವಯಸ್ಸು 9 ದಾಟಿದ್ದರೆ ಈ ವಾರವೇ ಡಾಕ್ಟರಲ್ಲಿ ಕೇಳಿ. ಕೇಳಿ ಬಂದ ಮೇಲೆ ಪಕ್ಕದ ಮನೆಯ ಮಗಳ ಉಮ್ಮನಿಗೂ ಹೇಳಿ.